ನಿದ್ದೆ ಮಾಡಲು ಕಲಿತ ರೇಡಿಯೋ: ಮರುಭೂಮಿಯಲ್ಲಿ ಹುಟ್ಟಿ ಮನೆಯ ಬಲ್ಬ್ ಸೇರಿದ ಕಥೆ



ಇವತ್ತಿನ ಕಥೆ ಶುರುವಾಗೋದು 2001ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಮರುಭೂಮಿಯಲ್ಲಿ. ಊರಿನ ಹೆಸರು ಟ್ವೆಂಟಿನೈನ್ ಪಾಮ್ಸ್. ಅಲ್ಲಿ ಅಮೆರಿಕದ ಮೆರೀನ್ ಪಡೆಯ ದೊಡ್ಡ ತರಬೇತಿ ನೆಲೆ ಇದೆ. ಆ ನೆಲೆಯ ಒಂದು ರಸ್ತೆಯ ಮೇಲೆ ಪೈಲಟ್ ಇಲ್ಲದ ಪುಟ್ಟ ವಿಮಾನವೊಂದು ಹಾರಿ ಬಂದು, ಆರು ಸಣ್ಣ ಸಾಧನಗಳನ್ನು ಉದುರಿಸಿ ಹೋಯಿತು. ಪ್ರತಿಯೊಂದರಲ್ಲೂ ಒಂದು ಬ್ಯಾಟರಿ, ಒಂದು ರೇಡಿಯೋ, ಕಾಂತಕ್ಷೇತ್ರ ಅಳೆಯುವ ಒಂದು ಸೆನ್ಸರ್. ಬಿದ್ದ ಮೇಲೆ ಅವು ಒಂದನ್ನೊಂದು ಹುಡುಕಿಕೊಂಡವು, ತಮ್ಮ ಗಡಿಯಾರಗಳನ್ನು ಹೊಂದಿಸಿಕೊಂಡವು, ಆಮೇಲೆ ಕಾಯುತ್ತಾ ಕೂತವು. ಸೇನೆಯ ವಾಹನವೊಂದು ರಸ್ತೆಯಲ್ಲಿ ಹಾದುಹೋದಾಗ ಅದರ ಕಬ್ಬಿಣದಿಂದ ಸುತ್ತಲಿನ ಕಾಂತಕ್ಷೇತ್ರ ಅಲುಗಾಡುತ್ತೆ. ಯಾವ ಸಾಧನಕ್ಕೆ ಅದು ಎಷ್ಟು ಹೊತ್ತಿಗೆ ಗೊತ್ತಾಯಿತು ಅನ್ನುವುದನ್ನು ಹೋಲಿಸಿ ನೋಡಿ, ವಾಹನ ಯಾವ ಕಡೆ, ಎಷ್ಟು ವೇಗದಲ್ಲಿ ಹೋಯಿತು ಅಂತ ಅವು ತಮ್ಮತಮ್ಮಲ್ಲೇ ಲೆಕ್ಕ ಹಾಕಿದವು. ವಿಮಾನ ಮತ್ತೆ ತಲೆಯ ಮೇಲೆ ಬಂದಾಗ ಆ ಉತ್ತರವನ್ನು ಅದಕ್ಕೆ ಒಪ್ಪಿಸಿದವು.

ಟವರ್ ಇಲ್ಲ, ಸಿಮ್ ಇಲ್ಲ, ವೈರ್ ಇಲ್ಲ. ಯಾವುದು ಎಲ್ಲಿ ಬೀಳುತ್ತೆ ಅಂತ ಮೊದಲೇ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಮನೆಯ ಬಾಗಿಲ ಸೆನ್ಸರ್‌ನಿಂದ ಹಿಡಿದು ಬಣ್ಣ ಬದಲಿಸುವ ಬಲ್ಬ್‌ವರೆಗೆ, ಡಬ್ಬದ ಮೇಲೆ ಜಿಗ್‌ಬೀ, ಥ್ರೆಡ್ ಅಂತೆಲ್ಲ ಬರೆದಿರುತ್ತಲ್ಲ, ಅವೆಲ್ಲ ಇದೇ ಯೋಚನೆಯ ಬಳಗ.

ಈ ಯೋಚನೆಗೆ ಹೆಸರು ಕೊಟ್ಟವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ರಿಸ್ ಪಿಸ್ಟರ್. ‘ಸ್ಮಾರ್ಟ್ ಡಸ್ಟ್’ ಅಂದರು, ಬುದ್ಧಿ ಇರುವ ಧೂಳು. 1990ರ ದಶಕದ ಕೊನೆಯ ಮಾತು. ಸೆನ್ಸರ್, ಕಂಪ್ಯೂಟರ್, ಸಂಪರ್ಕ, ಬ್ಯಾಟರಿ ಎಲ್ಲವನ್ನೂ ಒಂದು ಘನ ಮಿಲಿಮೀಟರ್‌ನಲ್ಲಿ ಕೂರಿಸುವುದು ಅವರ ಗುರಿ. ಒಂದು ರಾಗಿ ಕಾಳಿನ ಗಾತ್ರ ಅಂದುಕೊಳ್ಳಿ. ದುಡ್ಡು ಕೊಟ್ಟಿದ್ದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಅಂದ್ರೆ ಇಂಟರ್‌ನೆಟ್‌ನ ಅಜ್ಜ ಆರ್ಪಾನೆಟ್‌ಗೆ ದುಡ್ಡು ಕೊಟ್ಟ ಅದೇ ಸಂಸ್ಥೆ. ಯುದ್ಧಭೂಮಿಯ ಮೇಲೆ ಧೂಳಿನಂತೆ ಎರಚಿಬಿಟ್ಟರೆ ಶತ್ರುವಿನ ಚಲನವಲನ ಗೊತ್ತಾಗಬೇಕು ಅನ್ನುವುದು ಅವರ ಆಸೆ. ಅದೇ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಲರ್ ಅವರ ತಂಡ ಇಂಥ ಸಾಧನಗಳಿಗಾಗಿಯೇ ಟೈನಿಓಎಸ್ ಎಂಬ ಪುಟಾಣಿ ಆಪರೇಟಿಂಗ್ ಸಿಸ್ಟಮ್ ಬರೆಯಿತು.

ರಾಗಿ ಕಾಳಿನ ಗಾತ್ರದ ಧೂಳು ಅಂಗಡಿಗೆ ಬರಲೇ ಇಲ್ಲ ಬಿಡಿ. ಕಂಪ್ಯೂಟರ್ ಚಿಪ್ ಚಿಕ್ಕದಾಗುತ್ತಾ ಹೋಯಿತು, ರೇಡಿಯೋ ಚಿಕ್ಕದಾಯಿತು. ಹಟ ಹಿಡಿದು ಕೂತದ್ದು ಬ್ಯಾಟರಿ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಯಾಕಂದ್ರೆ ಈ ಇಡೀ ಚರಿತ್ರೆಯ ಗುಟ್ಟು ಇರೋದು ಈ ಲೆಕ್ಕದಲ್ಲೇ. ಚಿಪ್‌ಕಾನ್ ಅನ್ನುವ ನಾರ್ವೆಯ ಕಂಪನಿಯೊಂದು ಕೆಲವು ವರ್ಷಗಳ ನಂತರ ಸಿಸಿ2420 ಎಂಬ ರೇಡಿಯೋ ಚಿಪ್ ಮಾಡಿತು. ಆ ಕಾಲದ ಪ್ರಯೋಗಾಲಯಗಳಲ್ಲೆಲ್ಲ ಅದರದ್ದೇ ಹವಾ. ಪೂರ್ತಿ ಶಕ್ತಿಯಲ್ಲಿ ಮಾತಾಡುವಾಗ ಅದು ಬ್ಯಾಟರಿಯಿಂದ ಎಳೆಯುತ್ತಿದ್ದ ಕರೆಂಟು 17.4 ಮಿಲಿಆಂಪಿಯರ್. ಸುಮ್ಮನೆ ಕೇಳಿಸಿಕೊಳ್ಳುವಾಗ? 18.8. ಹೌದು, ಮಾತಾಡುವುದಕ್ಕಿಂತ ಕೇಳುವುದೇ ದುಬಾರಿ. ದೂರದಿಂದ ಬರುವ ಸಿಗ್ನಲ್ ಎಷ್ಟು ಕ್ಷೀಣ ಅಂದ್ರೆ, ಅದನ್ನು ಗದ್ದಲದಿಂದ ಬಿಡಿಸಿ, ಹಿಗ್ಗಿಸಿ, ಅರ್ಥ ಮಾಡಿಕೊಳ್ಳಲು ಸರ್ಕ್ಯೂಟ್ ಇಡೀ ಹೊತ್ತು ಎಚ್ಚರವಾಗಿರಬೇಕು. ಯಾರೂ ಮಾತಾಡದಿದ್ದರೂ ಖರ್ಚು ಅಷ್ಟೇ.

ಗೋಡೆ ಗಡಿಯಾರಕ್ಕೆ ಹಾಕುವಂಥ ಪೆನ್ಸಿಲ್ ಸೆಲ್ ಎರಡು ತಗೊಳ್ಳಿ. ಸುಮಾರು 2500 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯ ಅಂತ ಹಿಡಿಯೋಣ. ರೇಡಿಯೋ ಸದಾ ಕಿವಿ ತೆರೆದು ಕೂತರೆ ಐದೂವರೆ ದಿನದಲ್ಲಿ ಸೆಲ್ ಖಾಲಿ. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎದ್ದಿದ್ದು, ಉಳಿದ ತೊಂಬತ್ತೊಂಬತ್ತು ಪಾಲು ನಿದ್ದೆ ಮಾಡಿದರೆ? ಒಂದೂವರೆ ವರ್ಷ ಬರುತ್ತೆ. ಅಂದಮೇಲೆ ಕಡಿಮೆ ಬ್ಯಾಟರಿಯ ರೇಡಿಯೋ ಕಟ್ಟುವುದು ಅಂದ್ರೆ ಮೊದಲು ನಿದ್ದೆಯ ವ್ಯವಸ್ಥೆ ಕಟ್ಟುವುದು.

ಆದರೆ ಎಲ್ಲರೂ ಮಲಗಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದು ಹೇಗೆ? ಇದಕ್ಕೆ ಎರಡು ಥರದ ಉತ್ತರ ಬಂತು. ಒಂದು, ರಾತ್ರಿ ಬಸ್ಸಿನ ನಿದ್ದೆ. ಬೆಂಗಳೂರಿನಿಂದ ಊರಿಗೆ ಹೋಗುವಾಗ ನೀವು ಮಾಡುತ್ತೀರಲ್ಲ, ಆಗಾಗ ಒಂದು ಕಣ್ಣು ಬಿಟ್ಟು ‘ನಮ್ಮ ಸ್ಟಾಪ್ ಬಂತಾ’ ಅಂತ ನೋಡಿ ಮತ್ತೆ ಮಲಗುವುದು. ರೇಡಿಯೋ ಕೂಡ ಹಾಗೇ ಕ್ಷಣಕಾಲ ಎದ್ದು, ಗಾಳಿಯಲ್ಲಿ ಸದ್ದೇನಾದರೂ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಮತ್ತೆ ನಿದ್ದೆಗೆ ಜಾರುತ್ತದೆ. ಮಾತಾಡಬೇಕಾದವನು ಮಾತ್ರ ಆಚೆಯವನು ಎದ್ದೇ ಏಳುವಷ್ಟು ಹೊತ್ತು ಕೂಗುತ್ತಾ ಇರಬೇಕು. ಇನ್ನೊಂದು ಉತ್ತರ, ಅಲಾರ್ಮ್ ಇಟ್ಟುಕೊಳ್ಳುವುದು. ಇಂಥ ಹೊತ್ತಿಗೆ ನೀನೂ ಏಳು, ನಾನೂ ಏಳುತ್ತೇನೆ ಅಂತ ಮೊದಲೇ ಒಪ್ಪಂದ. ಇದರಲ್ಲಿ ಖರ್ಚು ಇನ್ನೂ ಕಡಿಮೆ. ಆದರೆ ಅಗ್ಗದ ಗಡಿಯಾರಗಳು ದಿನಕ್ಕೆ ಒಂದೆರಡು ಸೆಕೆಂಡ್ ಹಿಂದೆಮುಂದೆ ಆಗುತ್ತವೆ. ಮಿಲಿಸೆಕೆಂಡ್‌ಗಳ ಲೆಕ್ಕದಲ್ಲಿ ಏಳುವವರಿಗೆ ಅದು ದೊಡ್ಡ ಅಂತರ. ಹಾಗಾಗಿ ಭೇಟಿಯಾದಾಗಲೆಲ್ಲ ಗಡಿಯಾರ ಸರಿಮಾಡಿಕೊಳ್ಳಬೇಕು. ಈ ಅಲಾರ್ಮ್ ವಿಷಯವನ್ನು ನೆನಪಲ್ಲಿಡಿ, ಕೊನೆಯಲ್ಲಿ ಬೇಕಾಗುತ್ತೆ.

ಇನ್ನು ಒಂದು ಹಕ್ಕಿಯ ಹತ್ತಿರ ಹೋಗೋಣ. ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದ ಕರಾವಳಿಯಾಚೆ ಗ್ರೇಟ್ ಡಕ್ ಐಲೆಂಡ್ ಅನ್ನುವ ದ್ವೀಪ ಇದೆ. ಅಲ್ಲಿ ಲೀಚ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ ಸಣ್ಣ ಕಡಲಹಕ್ಕಿ ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ. ಹಕ್ಕಿ ಯಾಕೆ ಇದೇ ದ್ವೀಪ ಆರಿಸಿಕೊಂಡಿತು, ಬಿಲದೊಳಗೆ ಎಷ್ಟು ಬಿಸಿ, ಎಷ್ಟು ತೇವ, ಯಾವಾಗ ಒಳಗಿರುತ್ತೆ, ಯಾವಾಗ ಹೊರಗೆ ಅಂತ ತಿಳಿಯುವ ಆಸೆ ಜೀವವಿಜ್ಞಾನಿಗಳಿಗೆ. ಆದರೆ ಕಾವಿನ ಮೊದಲ ಎರಡು ವಾರಗಳಲ್ಲಿ ತೊಂದರೆ ಕೊಟ್ಟರೆ ಈ ಹಕ್ಕಿ ಬಿಲವನ್ನೇ ಬಿಟ್ಟು ಹೋಗಿಬಿಡುವ ಸಂಭವ ಹೆಚ್ಚು. ನೋಡಲು ಹೋದವರೇ ನೋಡಬೇಕಾದದ್ದನ್ನು ಹಾಳುಮಾಡಿದ ಹಾಗೆ.

2002ರ ಬೇಸಿಗೆಯಲ್ಲಿ ಬರ್ಕ್ಲಿಯ ತಂಡ, ಇಂಟೆಲ್ ಕಂಪನಿಯ ಸಂಶೋಧನಾಲಯ ಮತ್ತು ಮೇಯ್ನ್‌ನ ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಸೇರಿ, ಹಕ್ಕಿಗಳು ಬರುವ ಜಾಗದಲ್ಲಿ 32 ಸೆನ್ಸರ್ ಸಾಧನಗಳನ್ನು ಇಟ್ಟರು. ಕೆಲವು ಬಿಲದೊಳಗೆ, ಕೆಲವು ಹೊರಗೆ. ಮರುಭೂಮಿಯ ಸಾಧನಗಳ ಬಳಗವೇ, ಎರಡು ಪೆನ್ಸಿಲ್ ಸೆಲ್‌ನ ಜೀವ. ಅಳೆದದ್ದನ್ನು ದ್ವೀಪದಲ್ಲೇ ಇದ್ದ ಒಂದು ಕಂಪ್ಯೂಟರ್‌ಗೆ ದಾಟಿಸುತ್ತಿದ್ದವು, ಅಲ್ಲಿಂದ ಉಪಗ್ರಹದ ಮೂಲಕ ಇಂಟರ್‌ನೆಟ್‌ಗೆ. ನಾಲ್ಕು ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅಳತೆಗಳು ಬಂದವು. ಯುದ್ಧಕ್ಕೆಂದು ಹುಟ್ಟಿದ ಸಾಧನ ಒಂದೇ ವರ್ಷದಲ್ಲಿ ಹಕ್ಕಿಗೆ ಕಾವಲು ಕೂತಿತ್ತು.

ಅಲ್ಲೇ ಮೊದಲ ಪಾಠವೂ ಆಯಿತು. ಮಳೆ, ಮಂಜು, ಕಡಲ ತೇವ ಸೇರಿ ಸಾಧನಗಳು ಒಂದೊಂದಾಗಿ ಸುಮ್ಮನಾಗತೊಡಗಿದವು. ಆಮೇಲೆ ದತ್ತಾಂಶ ನೋಡಿದಾಗ ಒಂದು ವಿಷಯ ಬಯಲಾಯಿತು. ಸಾಯುವ ಮುಂಚೆ ಸೆನ್ಸರ್‌ಗಳು ಅಸಂಬದ್ಧ ಅಳತೆಗಳನ್ನು ಹೇಳುತ್ತಿದ್ದವು. ಅಂದ್ರೆ ತಪ್ಪು ಉತ್ತರವೂ ಒಂದು ಮಾಹಿತಿ, ‘ಒಳಗೆ ನೀರು ಹೋಗಿದೆ, ನಾನು ಹೆಚ್ಚು ದಿನ ಇರಲ್ಲ’ ಅಂತ.

ಅತ್ತ ಕಂಪನಿಗಳು ಸುಮ್ಮನೆ ಕೂತಿರಲಿಲ್ಲ. ಅವಕ್ಕೆ ಹಕ್ಕಿ ಬೇಡ, ಕಾರ್ಖಾನೆ ಬೇಕು, ಮನೆ ಬೇಕು. ಮನೆಯ ಸಾಧನಗಳಿಗೆ ದೂರದಿಂದ ಆಜ್ಞೆ ಕೊಡುವ ಆಸೆ ಹಳೆಯದೇ. ಸ್ಕಾಟ್ಲೆಂಡಿನ ಪಿಕೋ ಎಲೆಕ್ಟ್ರಾನಿಕ್ಸ್ 1975ರಲ್ಲೇ ಎಕ್ಸ್10 ಎಂಬ ವ್ಯವಸ್ಥೆ ಮಾಡಿತ್ತು. ಅದು ಮನೆಯ ಕರೆಂಟ್ ವೈರ್ ಮೂಲಕವೇ ಸಂಕೇತ ಕಳಿಸುತ್ತಿತ್ತು. ರೇಡಿಯೋದಲ್ಲಿ ಅದನ್ನೇ ಮಾಡಬೇಕಂದ್ರೆ ಮೊದಲು ತರಂಗಾಂತರದ ಪ್ರಶ್ನೆ ಬರುತ್ತೆ. ಪ್ರತಿ ಬಲ್ಬಿಗೂ ಲೈಸೆನ್ಸ್ ಕೊಡಿ ಅಂತ ಸರ್ಕಾರವನ್ನು ಕೇಳೋಕಾಗುತ್ತಾ?

ದಾರಿ ತೆರೆದದ್ದು 1985ರಲ್ಲಿ. ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿ, ಮೈಕ್ರೋವೇವ್ ಓವನ್‌ಗಳಂಥ ಯಂತ್ರಗಳು ಗದ್ದಲ ಮಾಡುತ್ತಿದ್ದ ಕೆಲವು ತರಂಗಾಂತರಗಳನ್ನು, ಅದರಲ್ಲಿ 2.4 ಗಿಗಾಹರ್ಟ್ಸ್ ಕೂಡ ಒಂದು, ಲೈಸೆನ್ಸ್ ಇಲ್ಲದೆ ಸಂಪರ್ಕಕ್ಕೆ ಬಳಸಲು ಬಿಟ್ಟಿತು. ಯಾರಿಗೂ ಬೇಡವಾಗಿದ್ದ ಕಸದ ಜಾಗ ಅದು. ವೈಫೈ, ಬ್ಲೂಟೂತ್ ಎಲ್ಲವೂ ಮನೆ ಕಟ್ಟಿದ್ದು ಅಲ್ಲೇ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್‌ನ ಬಳಕೆ, ಜೊತೆಗೆ 865ರಿಂದ 867 ಮೆಗಾಹರ್ಟ್ಸ್, ಲೈಸೆನ್ಸ್‌ನಿಂದ ಹೊರಬಂದದ್ದು 2005ರಲ್ಲಿ.

ವೈಫೈ ಇದ್ದ ಮೇಲೆ ಇನ್ನೊಂದು ಯಾಕೆ ಅಂತ ಕೇಳಬಹುದು. ವೈಫೈ ವೇಗಕ್ಕಾಗಿ ಹುಟ್ಟಿದ್ದು, ಅದಕ್ಕೆ ನಿದ್ದೆ ಬರಲ್ಲ. ಬ್ಲೂಟೂತ್ ಹುಟ್ಟಿದ್ದು ಹೆಡ್‌ಸೆಟ್ ಥರದ ಕೆಲಸಕ್ಕೆ, ವೈರ್ ತಪ್ಪಿಸೋಕೆ. ಬಾಗಿಲು ತೆರೆಯಿತು ಅಂತ ದಿನಕ್ಕೆ ಹತ್ತು ಸಲ ಹೇಳಲು ಎರಡೂ ದುಂದು. 2003ರಲ್ಲಿ ಐಇಇಇ ಸಂಸ್ಥೆ 802.15.4 ಎಂಬ ಮಾನದಂಡಕ್ಕೆ ಒಪ್ಪಿಗೆ ಕೊಟ್ಟಿತು. ವೇಗ ಹೆಚ್ಚೆಂದರೆ ಸೆಕೆಂಡಿಗೆ 250 ಕಿಲೋಬಿಟ್. ಒಂದು ಸಲಕ್ಕೆ ಕಳಿಸಬಹುದಾದ ಕಂತೆ ಗರಿಷ್ಠ 127 ಬೈಟ್. ಅದು ಎಷ್ಟು ಚಿಕ್ಕದು ಅಂತ ಕನ್ನಡದಲ್ಲೇ ಹೇಳುತ್ತೇನೆ. ನಮ್ಮ ಫೋನ್‌ಗಳು ಬಳಸುವ ಯೂನಿಕೋಡ್ ಪದ್ಧತಿಯಲ್ಲಿ ‘ಬೆಂಗಳೂರು’ ಅಂತ ಬರೆಯಲು 24 ಬೈಟ್ ಬೇಕು. ಐದು ಸಲ ಬೆಂಗಳೂರು ಅಂದರೆ ಕಂತೆ ತುಂಬಿಹೋಯಿತು, ವಿಳಾಸ ಬರೆಯೋಕೂ ಜಾಗ ಇಲ್ಲ. ನಮ್ಮಲ್ಲಿ ಮಿಸ್ಡ್ ಕಾಲ್ ಕೊಟ್ಟೇ ‘ಬಸ್ ಹತ್ತಿದೆ’ ಅಂತ ತಿಳಿಸುತ್ತಿದ್ದ ಕಾಲ ಇತ್ತಲ್ಲ, ಹೆಚ್ಚುಕಮ್ಮಿ ಅದೇ ಜಾಣತನ.

ಆ ಮಾನದಂಡದ ಮೇಲೆ ಎದ್ದು ನಿಂತದ್ದು ಜಿಗ್‌ಬೀ. ಫಿಲಿಪ್ಸ್, ಮೊಟೊರೋಲಾ ಮುಂತಾದ ಕಂಪನಿಗಳು 2002ರಲ್ಲೇ ಒಕ್ಕೂಟ ಕಟ್ಟಿಕೊಂಡಿದ್ದವು, ಮೊದಲ ನಿಯಮಾವಳಿ 2004ರ ಡಿಸೆಂಬರ್‌ನಲ್ಲಿ ಬಂತು. ಹೆಸರು ಬಂದದ್ದು ಜೇನುನೊಣದಿಂದ. ಹೂವು ಕಂಡು ಬಂದ ಜೇನುನೊಣ ಗೂಡಿನಲ್ಲಿ ಅಂಕುಡೊಂಕಾಗಿ ಕುಣಿಯುತ್ತದೆ. ಕುಣಿತದ ಕೋನದಲ್ಲಿ ಸೂರ್ಯನಿಗೆ ಹೋಲಿಸಿದ ದಿಕ್ಕು, ಕುಣಿತದ ಹೊತ್ತಿನಲ್ಲಿ ದೂರ. ಈ ಭಾಷೆ ಬಿಡಿಸಿದ ಕಾರ್ಲ್ ವಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಸಿಕ್ಕಿತು. ಅದೇ ಹೊತ್ತಿಗೆ ಡೆನ್ಮಾರ್ಕಿನ ಜೆನ್ಸಿಸ್ ಎಂಬ ಕಂಪನಿ ಜೀ-ವೇವ್ ಅನ್ನುವ ಇನ್ನೊಂದು ಭಾಷೆ ತಂದಿತ್ತು. ಅದರ ಕಥೆಗೆ ಇವತ್ತು ಹೋಗಲ್ಲ.

ಜಿಗ್‌ಬೀಯ ದೊಡ್ಡ ಭರವಸೆ ಮೆಶ್. ಮನೆಗೆ ಮೋಲ್ಡ್ ಹಾಕುವ ದಿನ ಕಾಂಕ್ರೀಟ್ ಬಾಂಡ್ಲಿ ಕೆಳಗಿನಿಂದ ಮೇಲಕ್ಕೆ ಕೈಯಿಂದ ಕೈಗೆ ಹೋಗುತ್ತಲ್ಲ, ಹಾಗೆ. ಒಬ್ಬೊಬ್ಬರ ಕೈ ಎಟುಕುವುದು ಸ್ವಲ್ಪವೇ, ಸಾಲಾಗಿ ನಿಂತರೆ ಮೂರನೇ ಮಹಡಿ ತಲುಪುತ್ತದೆ. ಒಬ್ಬ ಆಚೆ ಹೋದರೆ ಪಕ್ಕದವನು ಆ ಜಾಗಕ್ಕೆ ಬರುತ್ತಾನೆ.

ಕೇಳೋಕೆ ಚೆನ್ನಾಗಿದೆ. ಆದರೆ ಬಾಂಡ್ಲಿ ದಾಟಿಸುವವನು ನಿದ್ದೆ ಮಾಡೋ ಹಾಗಿಲ್ಲ, ಅಲ್ವಾ? ಇನ್ನೊಬ್ಬರ ಮಾತು ಯಾವಾಗ ಬರುತ್ತೋ ಗೊತ್ತಿಲ್ಲದ ಕಾರಣ ಅವನು ಸದಾ ಎದ್ದಿರಬೇಕು. ಸದಾ ಎದ್ದಿದ್ದರೆ ಐದೂವರೆ ದಿನದ ಲೆಕ್ಕ. ಇದಕ್ಕೆ ಜಿಗ್‌ಬೀ ಮಾಡಿಕೊಂಡ ಏರ್ಪಾಡು ಏನಂದ್ರೆ, ಕರೆಂಟ್ ಕನೆಕ್ಷನ್ ಇರುವ ಸಾಧನಗಳು ದಾಟಿಸುವ ಕೆಲಸ ಮಾಡಲಿ, ಬ್ಯಾಟರಿಯವು ಮಲಗಲಿ. ಮಲಗಿದವರ ಹೆಸರಿಗೆ ಬಂದ ಸಂದೇಶವನ್ನು ಎದ್ದಿರುವ ಪಕ್ಕದವರು ಇಟ್ಟುಕೊಂಡಿರುತ್ತಾರೆ, ನಾವು ಇಲ್ಲದಾಗ ಎದುರುಮನೆಯವರು ಕೊರಿಯರ್ ತೆಗೆದಿಟ್ಟುಕೊಂಡ ಹಾಗೆ. ಜಾಣ ಏರ್ಪಾಡು ಹೌದು. ಆದರೆ ವೈರ್ ಇಲ್ಲದ ಕಡೆ ಹೋಗಲೆಂದು ಹುಟ್ಟಿದ ತಂತ್ರಜ್ಞಾನ, ಚೆನ್ನಾಗಿ ಕೆಲಸ ಮಾಡಲು ಗೋಡೆಯಲ್ಲಿ ವೈರ್ ಇರುವ ಮನೆಯನ್ನೇ ಕೇಳತೊಡಗಿತು. ಈ ಚರಿತ್ರೆಯಲ್ಲಿ ನಿಜವಾದ ತಿರುವು ಇದೇ ಅಂತ ನನ್ನ ಅಭಿಪ್ರಾಯ. ಯಾವ ಪುಸ್ತಕವೂ ಇದಕ್ಕೊಂದು ತಾರೀಕು ಹಾಕಲ್ಲ, ಆದರೆ ಇದರ ಪರಿಣಾಮ ಅನುಭವಿಸಿದವರಿದ್ದಾರೆ.

ಅದಕ್ಕೆ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿಗೆ ಬರಬೇಕು. 2000ದ ದಶಕದ ಮಧ್ಯದಲ್ಲಿ, ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟ್, ಸೇರಿ ಅಲ್ಲಿನ ಚನ್ನಕೇಶವಪುರದಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದವು. ಹೆಸರು ಕಾಮನ್‌ಸೆನ್ಸ್ ನೆಟ್. ಜಾಕ್ ಪಾನ್ಶಾರ್ ಎಂಬ ಸ್ವಿಸ್ ಸಂಶೋಧಕ, ಟಾಟಾ ಇನ್‌ಸ್ಟಿಟ್ಯೂಟ್‌ನ ಪ್ರೊಫೆಸರ್ ಎಚ್.ಎಸ್. ಜಮದಗ್ನಿ ಮುಂತಾದವರು ಇದರಲ್ಲಿದ್ದರು.

ಪಾವಗಡ ಗೊತ್ತಲ್ಲ, ಮಳೆ ನಂಬಿ ಕಡಲೆಕಾಯಿ ಹಾಕುವ ಸೀಮೆ. ಬೋರ್‌ವೆಲ್ ಇಲ್ಲದ ಸಣ್ಣ ರೈತನಿಗೆ ಯಾವಾಗ ಬಿತ್ತಬೇಕು, ಇರೋ ಒಂದು ಸರ್ತಿಯ ನೀರನ್ನು ಯಾವಾಗ ಹಾಯಿಸಬೇಕು, ರೋಗ ಬರೋ ವಾತಾವರಣ ಇದೆಯಾ ಅನ್ನುವುದು ಇಡೀ ವರ್ಷದ ಹೊಟ್ಟೆಪಾಡಿನ ಪ್ರಶ್ನೆ. ಈ ಯೋಜನೆಯಲ್ಲಿ ನನಗೆ ಮೆಚ್ಚುಗೆಯಾದದ್ದು, ಅವರು ಮೊದಲು ಯಂತ್ರ ತಂದು ನೆಡಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ‘ನಿಮಗೆ ಬೇಕಾದ ಮಾಹಿತಿ ಯಾವುದು’ ಅಂತ ಕೇಳಿ ಸಮೀಕ್ಷೆ ಮಾಡಿದರು. ಆಮೇಲೆ ಮಣ್ಣಿನ ತೇವ, ಗಾಳಿಯ ಉಷ್ಣಾಂಶ, ಆರ್ದ್ರತೆ ಅಳೆಯುವ ಸೆನ್ಸರ್‌ಗಳು ಬಂದವು. ಗ್ರೇಟ್ ಡಕ್ ದ್ವೀಪದ ಸಾಧನಗಳ ಮುಂದಿನ ಪೀಳಿಗೆ, ಅದೇ ಟೈನಿಓಎಸ್. ಹಕ್ಕಿಯ ಬಿಲದಿಂದ ಕಡಲೆಕಾಯಿ ಹೊಲಕ್ಕೆ ಬರಲು ಮೂರ್ನಾಲ್ಕು ವರ್ಷ ಸಾಕಾಯಿತು.

ಹೊಲದಲ್ಲಿ ಗೋಡೆ ಇಲ್ಲ, ಗೋಡೆಯಲ್ಲಿ ವೈರ್ ಇಲ್ಲ. ದಾಟಿಸುವ ಸಾಧನವೂ ಬ್ಯಾಟರಿಯದ್ದೇ. ಅಂಥ ಕಡೆ ಒಂದು ಸತ್ತರೆ ಅದರ ಹಿಂದಿನವು ಬದುಕಿದ್ದೂ ಮೂಕವಾಗುತ್ತವೆ. ಇದು ಪಾವಗಡಕ್ಕೆ ಮಾತ್ರ ಬಂದ ಕಷ್ಟ ಅಲ್ಲ. ಅದೇ ಕಾಲಕ್ಕೆ ನೆದರ್ಲೆಂಡ್ಸ್‌ನಲ್ಲಿ, ಆಲೂಗಡ್ಡೆಯ ಅಂಗಮಾರಿ ರೋಗವನ್ನು ಮೊದಲೇ ಊಹಿಸಲು ಡೆಲ್ಫ್ಟ್ ವಿಶ್ವವಿದ್ಯಾಲಯದ ತಂಡ ಸುಮಾರು ನೂರು ಸೆನ್ಸರ್‌ಗಳನ್ನು ಹೊಲದಲ್ಲಿ ಇಟ್ಟಿತು. ಸಿಕ್ಕಿದ್ದು ಬರಬೇಕಾದ ದತ್ತಾಂಶದಲ್ಲಿ ಶೇಕಡಾ 2 ಮಾತ್ರ. ಎಲೆ ಅಂದ್ರೆ ನೀರು, ನೀರು ರೇಡಿಯೋವನ್ನು ನುಂಗುತ್ತದೆ. ಬೆಳೆ ಚೆನ್ನಾಗಿ ಬಂದಷ್ಟೂ ಸಿಗ್ನಲ್ ಕೆಡುತ್ತದೆ. ಆ ತಂಡ ಸೋಲನ್ನು ಮುಚ್ಚಿಡದೆ, ‘ಮರ್ಫಿಗೆ ಆಲೂಗಡ್ಡೆ ಅಂದ್ರೆ ಪ್ರೀತಿ’ ಅನ್ನುವ ಅರ್ಥದ ತಲೆಬರಹ ಕೊಟ್ಟು 2006ರಲ್ಲಿ ಪ್ರಬಂಧ ಬರೆಯಿತು. ಕೆಡಬಹುದಾದದ್ದೆಲ್ಲ ಕೆಟ್ಟೇ ಕೆಡುತ್ತೆ ಅನ್ನುವ ಮರ್ಫಿ.

ಪಾವಗಡದ್ದು ಸಂಶೋಧನಾ ಯೋಜನೆ. ಪ್ರಬಂಧಗಳು ಬಂದವು, 2008ರಲ್ಲಿ ಪಾನ್ಶಾರ್ ಅವರ ಪಿಎಚ್‌.ಡಿ. ಆಯಿತು. ಇವತ್ತು ಅದೇ ತಾಲ್ಲೂಕಿನಲ್ಲಿ 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಮಿಲಿವ್ಯಾಟ್‌ಗಾಗಿ ಒದ್ದಾಡಿದ ಊರ ಸುತ್ತ ಈಗ ಮೆಗಾವ್ಯಾಟ್‌ಗಳ ಬೆಳೆ. ಇನ್ನು ಹೊಲಗಳ ವಿಷಯಕ್ಕೆ ಬಂದರೆ, ಆಮೇಲೆ ಬೇರೆ ಥರದ ರೇಡಿಯೋ ಬಂತು. ನಿಧಾನವಾಗಿ ಆದರೆ ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಒಂದೇ ನೆಗೆತದಲ್ಲಿ ಮಾತಾಡುವ ಲೋರಾದಂಥವು. ಬಾಂಡ್ಲಿ ದಾಟಿಸುವ ಸಾಲೇ ಬೇಡ ಅಂದವು ಅವು.

ಮೆಶ್ ಗೆದ್ದದ್ದು ಎಲ್ಲಿ ಗೊತ್ತಾ? ಬಲ್ಬ್‌ನಲ್ಲಿ. 2012ರ ಅಕ್ಟೋಬರ್‌ನಲ್ಲಿ ಫಿಲಿಪ್ಸ್ ತನ್ನ ಹ್ಯೂ ಬಲ್ಬ್‌ಗಳನ್ನು ಆ್ಯಪಲ್ ಅಂಗಡಿಗಳಲ್ಲಿ ಮಾರಾಟಕ್ಕಿಟ್ಟಿತು. ಮೂರು ಬಲ್ಬ್, ಒಂದು ಬ್ರಿಡ್ಜ್, ಬೆಲೆ 199 ಡಾಲರ್. ಬಲ್ಬ್ ಸದಾ ಕರೆಂಟಿನಲ್ಲಿರುತ್ತೆ, ಪ್ರತಿ ರೂಮಿನಲ್ಲೂ ಇರುತ್ತೆ, ಎತ್ತರದಲ್ಲಿರುತ್ತೆ. ಬಾಂಡ್ಲಿ ದಾಟಿಸೋಕೆ ಇದಕ್ಕಿಂತ ಒಳ್ಳೆ ಆಳು ಬೇಕಾ? ಬ್ಯಾಟರಿ ಉಳಿಸಲು ಹುಟ್ಟಿದ ಭಾಷೆಯನ್ನು ಜಗತ್ತಿಗೆ ಪರಿಚಯ ಮಾಡಿಸಿದ್ದು ಬ್ಯಾಟರಿಯೇ ಇಲ್ಲದ ವಸ್ತು.

ಆದರೆ ನಮ್ಮ ಮನೆಗಳಲ್ಲಿ ಅದಕ್ಕೂ ಒಂದು ತೊಡಕು. ಗೆಳೆಯನೊಬ್ಬನ ಮನೆಯಲ್ಲಿ ಇಂಥ ಬಲ್ಬ್‌ಗಳು, ಜೊತೆಗೆ ಹಿತ್ತಲ ಬಾಗಿಲಿಗೊಂದು ಸೆನ್ಸರ್. ಸೆನ್ಸರ್ ಆಗಾಗ ಕಾಣೆಯಾಗುತ್ತಿತ್ತು. ಕಾರಣ ಅವರಮ್ಮ. “ಅಲ್ವೋ, ಯಾರೂ ಇಲ್ಲದ ರೂಮಲ್ಲಿ ಸ್ವಿಚ್ ಯಾಕೆ ಆನ್ ಇರ್ಬೇಕು?” ಅಂತ ಓಡಾಡುವಾಗ ಒಂದೊಂದೇ ಸ್ವಿಚ್ ಆಫ್ ಮಾಡಿಕೊಂಡು ಹೋಗುತ್ತಿದ್ದರು. ಬಲ್ಬ್‌ಗೆ ಕರೆಂಟ್ ಹೋದ ತಕ್ಷಣ ಹಿತ್ತಲ ಬಾಗಿಲಿನಿಂದ ಬರುವ ಸಾಲಿನಲ್ಲಿ ಒಬ್ಬ ಆಳು ಮಾಯ. ನನ್ನ ಪ್ರಕಾರ ಅವರಮ್ಮನದ್ದೇ ಸರಿ. ಸ್ವಿಚ್‌ಬೋರ್ಡ್ ಹತ್ತಿರ ಹೋಗಿ ಆಫ್ ಮಾಡುವುದು ನಮ್ಮ ಮನೆಗಳ ಪದ್ಧತಿ. ಈ ತಂತ್ರಜ್ಞಾನ ಕಟ್ಟಿದವರ ಕಣ್ಣ ಮುಂದೆ ಈ ಮನೆ ಇರಲಿಲ್ಲ.

ಇನ್ನೊಂದು ಗಂಭೀರ ವಿಷಯ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆ ಮತ್ತು ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಅವರಲ್ಲಿ ಒಬ್ಬರು ಆದಿ ಶಮೀರ್, ಆರ್‌ಎಸ್‌ಎ ಗೂಢಲಿಪಿಯ ಹೆಸರಿನಲ್ಲಿರುವ ‘ಎಸ್’ ಅವರದೇ. ಡ್ರೋನ್ ಒಂದಕ್ಕೆ ಜಿಗ್‌ಬೀ ಉಪಕರಣ ಕಟ್ಟಿ ಬೀರ್‌ಶೀಬಾ ನಗರದ ಆಫೀಸ್ ಕಟ್ಟಡವೊಂದರತ್ತ ಹಾರಿಸಿದರು. 350 ಮೀಟರ್ ದೂರದಿಂದಲೇ ಒಳಗಿನ ಬಲ್ಬ್‌ಗಳು ಅವರ ವಶವಾಗಿ, ಎಸ್‌ಓಎಸ್ ಅಂತ ಮಿನುಗಿದವು. ಹೊಸ ಬಲ್ಬನ್ನು ಜೋಡಿಸಿಕೊಳ್ಳಲು ತೀರಾ ಹತ್ತಿರ ಬರಬೇಕು ಅನ್ನುವ ನಿಯಮವನ್ನು, ಚಿಪ್‌ನ ಸಾಫ್ಟ್‌ವೇರ್‌ನಲ್ಲಿದ್ದ ಒಂದು ದೋಷ ಬಳಸಿ ದಾಟಿದ್ದರು. ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಆ ಮಾದರಿಯ ಬಲ್ಬ್‌ಗಳಿಗೆಲ್ಲ ಒಂದೇ ಕೀಲಿ ಇತ್ತು, ಅದನ್ನೂ ಹೊರತೆಗೆದಿದ್ದರು. ಬಲ್ಬ್‌ನಿಂದ ಬಲ್ಬ್‌ಗೆ ಸೋಂಕು ಹರಡಬಹುದು, ಪ್ಯಾರಿಸ್‌ನಷ್ಟು ದೊಡ್ಡ ಊರಿನಲ್ಲಿ ಅಲ್ಲಲ್ಲಿ ಸುಮಾರು 15 ಸಾವಿರ ಬಲ್ಬ್‌ಗಳಿದ್ದರೆ ಸಾಕು ಊರಿಗೆಲ್ಲ ಹಬ್ಬಲು ಅಂತ ಅವರ ಲೆಕ್ಕ. ಕಂಪನಿಗೆ ಮೊದಲೇ ತಿಳಿಸಿದ್ದರು, ಅದು ರಿಪೇರಿಯನ್ನೂ ಕಳಿಸಿತು. ಆದರೆ ನೋಡಿ, 2001ರಲ್ಲಿ ವಿಮಾನವೊಂದು ರೇಡಿಯೋಗಳನ್ನು ಬಿತ್ತಿ ಹೋಗಿತ್ತು. ಹದಿನೈದು ವರ್ಷದ ಮೇಲೆ ಇನ್ನೊಂದು ಬಂದು, ಆಗಲೇ ನಾವೇ ಬಿತ್ತಿಕೊಂಡಿದ್ದವನ್ನು ಕೊಯ್ದುಕೊಂಡು ಹೋಯಿತು.

ಇಷ್ಟರಲ್ಲಿ ಕಂಪನಿಗಳ ಜಗಳ. ಜಿಗ್‌ಬೀ ಒಳಗೇ ಬಲ್ಬ್‌ಗೊಂದು ಉಪಭಾಷೆ, ಮನೆಗೊಂದು, ಮೀಟರ್‌ಗೊಂದು. ಡಬ್ಬದ ಮೇಲೆ ಒಂದೇ ಲೋಗೋ ಇದ್ದರೂ ಒಂದಕ್ಕೊಂದು ಮಾತಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು, ಫೋನ್‌ಗಳಲ್ಲಿ ಆ ರೇಡಿಯೋ ಇರಲಿಲ್ಲ. ಅದಕ್ಕೇ ಬ್ರಿಡ್ಜ್, ಹಬ್ ಅಂತ ಮಧ್ಯವರ್ತಿ ಡಬ್ಬಗಳು. ನೋಕಿಯಾದವರು 2006ರಲ್ಲಿ ವೈಬ್ರೀ ಅಂತ ಶುರುಮಾಡಿದ್ದು 2010ರಲ್ಲಿ ಕಡಿಮೆ ಶಕ್ತಿಯ ಬ್ಲೂಟೂತ್ ಆಗಿ, ಮರುವರ್ಷ ಐಫೋನ್ 4ಎಸ್ ಒಳಗೆ ಸೇರಿತು. ನಿಮ್ಮ ಕೈಯ ಫಿಟ್‌ನೆಸ್ ಬ್ಯಾಂಡ್ ಜಿಗ್‌ಬೀ ಆಗದೆ ಬ್ಲೂಟೂತ್ ಆದದ್ದು ಹೀಗೆ. 2021ರಲ್ಲಿ ಜಿಗ್‌ಬೀ ಒಕ್ಕೂಟ ಹೆಸರನ್ನೇ ಬದಲಿಸಿಕೊಂಡಿತು, 2022ರಲ್ಲಿ ಪ್ರತಿಸ್ಪರ್ಧಿಗಳೆಲ್ಲ ಸೇರಿ ಮ್ಯಾಟರ್ ಎಂಬ ಒಂದೇ ಭಾಷೆಗೆ ಬಂದರು. ಅದಕ್ಕೆ ಹೊಂದುವ ಥ್ರೆಡ್ ಜಾಲ ಓಡುವುದು 2003ರ ಅದೇ 802.15.4 ರೇಡಿಯೋ ಮೇಲೆ. ಆ ರೇಡಿಯೋ ಐಫೋನ್ ಒಳಗೆ ಬಂದದ್ದು 15 ಪ್ರೊ ಜೊತೆ, 2023ರಲ್ಲಿ. ಮಾನದಂಡ ಹುಟ್ಟಿ ಇಪ್ಪತ್ತು ವರ್ಷದ ಮೇಲೆ.

ಅದಕ್ಕೂ ಮೊದಲೇ ಅದು ಮಂಗಳ ಗ್ರಹ ತಲುಪಿತ್ತು ಅಂದ್ರೆ ನಂಬುತ್ತೀರಾ? 2021ರ ಏಪ್ರಿಲ್ 19ರಂದು ಮಂಗಳದಲ್ಲಿ ಹಾರಿದ 1.8 ಕಿಲೋ ತೂಕದ ಇಂಜೆನ್ಯುಯಿಟಿ ಹೆಲಿಕಾಪ್ಟರ್, ಪರ್ಸಿವರೆನ್ಸ್ ರೋವರ್ ಜೊತೆ ಮಾತಾಡುತ್ತಿದ್ದದ್ದು ಮಾರುಕಟ್ಟೆಯಲ್ಲಿ ಸಿಗುವ ಜಿಗ್‌ಬೀ ಮಾದರಿಯ 900 ಮೆಗಾಹರ್ಟ್ಸ್ ರೇಡಿಯೋದಲ್ಲಿ. ಆ ಹೆಲಿಕಾಪ್ಟರ್‌ನ ಮುಖ್ಯ ಎಂಜಿನಿಯರ್ ಬಾಬ್ ಬಲರಾಮ್, ಐಐಟಿ ಮದ್ರಾಸ್‌ನಲ್ಲಿ ಓದಿದವರು. ಐದು ಹಾರಾಟ ಸಾಕು ಅಂತ ಕಳಿಸಿದ್ದು, 72 ಸಲ ಹಾರಿತು.

ಅಲಾರ್ಮ್ ವಿಷಯ ನೆನಪಿಡಿ ಅಂದಿದ್ದೆನಲ್ಲ. 2022ರ ಮೇ 3ರಂದು ಹೆಲಿಕಾಪ್ಟರ್ ರೋವರ್‌ನ ಕರೆಗೆ ಉತ್ತರಿಸಲಿಲ್ಲ. ಮಂಗಳದಲ್ಲಿ ಚಳಿಗಾಲ ಹತ್ತಿರವಾಗಿತ್ತು, ಗಾಳಿಯಲ್ಲಿ ಧೂಳು ಹೆಚ್ಚಾಗಿ ಸೋಲಾರ್ ಫಲಕಕ್ಕೆ ಬಿಸಿಲು ಸಾಲದೆ, ರಾತ್ರಿ ಬ್ಯಾಟರಿ ಕುಸಿದು ಗಡಿಯಾರ ಸೊನ್ನೆಗೆ ಬಂದಿತ್ತು. ಬೆಳಗ್ಗೆ ಬಿಸಿಲಿಗೆ ಅದು ಎದ್ದಿತು, ಆದರೆ ಒಪ್ಪಂದದ ಹೊತ್ತಿಗಲ್ಲ. ಒಂದು ಎದ್ದಾಗ ಇನ್ನೊಂದು ಕೇಳುತ್ತಿರಲಿಲ್ಲ. ಭೂಮಿಯಲ್ಲಿದ್ದ ತಂಡ ರೋವರ್‌ಗೆ ಹೇಳಿತು, ನಿನ್ನ ಬೇರೆ ಕೆಲಸ ಬಿಡು, ಹೆಚ್ಚುಕಡಿಮೆ ಇಡೀ ದಿನ ಕಿವಿ ತೆರೆದು ಕೂತಿರು. ಕೇಳುವುದು ಎಷ್ಟು ದುಬಾರಿ ಅಂತ ಗೊತ್ತಿದ್ದೇ ಹೇಳಿದ ಮಾತು. ಮಂಗಳದ ಸ್ಥಳೀಯ ಸಮಯ ಬೆಳಗ್ಗೆ 11:45ಕ್ಕೆ ಹೆಲಿಕಾಪ್ಟರ್‌ನ ಸಿಗ್ನಲ್ ಬಂತು. ಬ್ಯಾಟರಿ ಉಳಿಸಲು ಅದು ಕಳಿಸಿದ್ದು ಕೆಲವೇ ಸಾಲಿನ ಮಾಹಿತಿ. ಸಂಪರ್ಕ ಗಟ್ಟಿಯಾಗಿದೆ, ಬ್ಯಾಟರಿ ಚೆನ್ನಾಗಿದೆ, ಶೇಕಡಾ 41 ಚಾರ್ಜ್ ಇದೆ.

ಈ ಸಲಕ್ಕೆ ಇಷ್ಟು. ನಿಮ್ಮ ಮನೆಯಲ್ಲಿ ಇಂಥ ಸಾಧನ ಇದ್ದರೆ, ಸ್ವಿಚ್ ಯಾರು ಆಫ್ ಮಾಡ್ತಾರೆ ಅಂತ ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.